ಇಲಿ ಹುಡುಕಬೇಡಿ, ಇಲಿಯ ಗುರುತು ಹುಡುಕಿ: ಮನೆ, ಅಂಗಡಿ, ಗೋದಾಮಿಗೆ ಹಂತ ಹಂತದ ತಪಾಸಣೆ

"ಒಂದ ಇಲಿ ಐತ್ರಿ, ನಿನ್ನೆ ರಾತ್ರಿ ಗ್ಯಾಸ್ ಕಟ್ಟಿ ಮ್ಯಾಲ ಓಡಿ ಹೋತು. ಯಾವ ಔಷಧ ಇಡ್ಲಿ?" ಧಾರವಾಡದಲ್ಲಿ ಇಲಿಯ ಮಾತು ಎತ್ತಿದವರೆಲ್ಲ ಶುರು ಮಾಡುವುದು ಹೀಗೆಯೇ. ಹದಿನೈದು ದಿನ ಬಿಟ್ಟು ಅದೇ ಮಂದಿ ಮತ್ತೆ ಸಿಕ್ಕಾಗ ಔಷಧ ಇಟ್ಟದ್ದಾಗಿರುತ್ತದೆ, ಬೋನು ತಂದದ್ದಾಗಿರುತ್ತದೆ, ಒಂದು ಸತ್ತದ್ದೂ ಆಗಿರುತ್ತದೆ. ಅಕ್ಕಿ ಚೀಲಕ್ಕೆ ತೂತು ಬೀಳುವುದು ಮಾತ್ರ ನಿಂತಿರುವುದಿಲ್ಲ.

ತಪ್ಪು ಔಷಧದಲ್ಲಿಲ್ಲ, ಕೆಲಸದ ಸರದಿಯಲ್ಲಿದೆ. ಮೊದಲು ಮನೆಯೆಲ್ಲ ಗುಡಿಸಿಬಿಡುತ್ತಾರೆ, ಗುರುತೆಲ್ಲ ಕಸದ ಬುಟ್ಟಿ ಸೇರುತ್ತದೆ. ಆಮೇಲೆ ಇಲಿ ಕಂಡ ಜಾಗದಲ್ಲಷ್ಟೇ ಹುಡುಕುತ್ತಾರೆ. ಕಂಡದ್ದು ಗ್ಯಾಸ್ ಕಟ್ಟೆಯ ಮೇಲಾದರೂ ಅದರ ಗೂಡು ಇರುವುದು ಬಚ್ಚಲ ಪೈಪಿನ ಹಿಂದೆ. ವರ್ಷದ ಹಿಂದಿನ ಹಿಕ್ಕೆ ಕಂಡು ಗಾಬರಿಯಾಗಿ ವಿಷ ತರುವವರೂ ಇದ್ದಾರೆ, ನಿನ್ನೆಯ ಹಿಕ್ಕೆಯನ್ನು ಹಲ್ಲಿಯದೆಂದು ಒರೆಸಿ ಹಾಕುವವರೂ ಇದ್ದಾರೆ.

ಇಲ್ಲಿ ಇಲಿ ಕೊಲ್ಲುವ ವಿಷಯ ಇಲ್ಲ. ಅದಕ್ಕೂ ಮೊದಲು ಮಾಡಬೇಕಾದ ತಪಾಸಣೆಯಷ್ಟೇ ಇದೆ. ಒಂದು ಮಧ್ಯಾಹ್ನ, ಒಂದು ಸಂಜೆ, ಮೇಲೆ ಮೂರು ರಾತ್ರಿ ಕೊಟ್ಟರೆ ಸಾಕು.

ಮೊದಲು ಹೆಸರು ಸರಿಮಾಡಿಕೊಳ್ಳೋಣ

ನಮ್ಮ ಊರುಗಳ ಮನೆಯಲ್ಲಿ ಓಡಾಡುವುದು ಒಂದೇ ಪ್ರಾಣಿಯಲ್ಲ. ಚಿಟ್ಟಿಲಿ ತೀರಾ ಸಣ್ಣದು, 12ರಿಂದ 25 ಗ್ರಾಂ ತೂಗೀತು. ಮನೆ ಇಲಿ 100ರಿಂದ 200 ಗ್ರಾಂ, ಬಾಲ ಮೈಗಿಂತ ಉದ್ದ, ಹತ್ತುವುದರಲ್ಲಿ ಗಟ್ಟಿ, ಹಾಗಾಗಿ ಅಟ್ಟ, ಜಂತಿ, ಹಂಚಿನ ಸಂದು ಅದರ ರಾಜ್ಯ. ಹೆಗ್ಗಣ ನೆಲ ಅಗೆಯುವ ಪ್ರಾಣಿ. ಸಣ್ಣ ಜಾತಿಯದು 200ರಿಂದ 400 ಗ್ರಾಂ ಇದ್ದರೆ ದೊಡ್ಡ ಜಾತಿಯದು ಕಿಲೋ ಮುಟ್ಟುತ್ತದೆ.

ಇನ್ನೊಂದಿದೆ: ಉದ್ದ ಮೂತಿಯ, ಸಣ್ಣ ಕಣ್ಣಿನ, ಚಿಕ್ ಚಿಕ್ ಎನ್ನುತ್ತ ಗೋಡೆಗುಂಟ ಓಡುವ, ಹಾದುಹೋದಲ್ಲೆಲ್ಲ ನಾತ ಬಿಡುವ ಮೂಗಿಲಿ. ಹೆಸರಲ್ಲಿ ಇಲಿ ಇದ್ದರೂ ಅದು ಇಲಿ ಜಾತಿಯದಲ್ಲ. ಜಿರಲೆ, ಹುಳ ತಿಂದು ಬದುಕುವ ಪ್ರಾಣಿ ಅದು, ಚೀಲ ಕಡಿಯುವುದಿಲ್ಲ, ವೈರು ಕಡಿಯುವುದಿಲ್ಲ. ಇದನ್ನೇ ಇಲಿಯೆಂದು ಬಗೆದು ತಿಂಗಳುಗಟ್ಟಲೆ ಕೊಬ್ಬರಿ ತುಂಡು ಕಟ್ಟಿ ಕಾಯುವವರನ್ನು ನೋಡಿದ್ದೇನೆ. (ಸುಂಡಿಲಿ ಎಂಬ ಹೆಸರನ್ನು ಕೆಲವರು ಚಿಟ್ಟಿಲಿಗೆ, ಕೆಲವರು ಮೂಗಿಲಿಗೆ ಹೇಳುತ್ತಾರೆ. ಗೊಂದಲ ಬೇಡವೆಂದು ಇಲ್ಲಿ ಆ ಹೆಸರನ್ನೇ ಬಿಟ್ಟಿದ್ದೇನೆ.)

ಬೇಕಾಗುವ ಸಾಮಾನು

ಬೆಳಕು ಗಟ್ಟಿಯಾಗಿರುವ ಬ್ಯಾಟರಿ, ಶಾಲೆ ಮಕ್ಕಳ ಸ್ಕೇಲು, ಒಂದು ಖಡು ಅಂದರೆ ಸೀಮೆಸುಣ್ಣ, ಅರ್ಧ ಕಿಲೋ ಬಿಳಿ ರಂಗೋಲಿ ಪುಡಿ, ಬಳಸದೆ ಬಿಟ್ಟ ಹಿಟ್ಟಿನ ಜರಡಿ, ಹಳೆಯ ಪತ್ರಿಕೆ, ರಬ್ಬರ್ ಗ್ಲೌಸು, ಮಾಸ್ಕು, ಒಂದು ಸ್ಪ್ರೇ ಬಾಟಲಿ, ಬ್ಲೀಚ್ ದ್ರಾವಣ, ನೋಟ್‌ಬುಕ್. ಫ್ರಿಜ್ಜಿನ ಹಿಂದೆ ತಲೆ ತೂರದ ಕಡೆ ಮೊಬೈಲಿನ ಕ್ಯಾಮೆರಾ ತೂರಿಸಿ ಫೋಟೋ ಹೊಡೆದರಾಯಿತು.

ಅಂಗಡಿಯವರ ಗಲ್ಲಾದ ಹತ್ತಿರ ಖೋಟಾ ನೋಟು ನೋಡುವ ನೀಲಿ ದೀಪ ಇರುತ್ತದೆ. ಕತ್ತಲಲ್ಲಿ ಅದನ್ನು ಹಿಡಿದರೆ ಇಲಿಯ ಉಚ್ಚೆಯ ಕಲೆ ಮಂಕಾಗಿ ಹೊಳೆಯುವುದು ನಿಜ. ಆದರೆ ಸಾಬೂನು ಪುಡಿ, ಕೆಲವು ಬಗೆಯ ಕಾಗದ, ಬಟ್ಟೆಯ ನೂಲು ಕೂಡ ಹೊಳೆಯುತ್ತವೆ. ಆ ದೀಪವೊಂದನ್ನೇ ನಂಬಿ ತೀರ್ಮಾನಕ್ಕೆ ಬರಬೇಡಿ.

ಹಂತ 1: ಕಸಬರಿಗೆ ಕೆಳಗಿಡಿ, ನಕ್ಷೆ ಬರೆಯಿರಿ

ತಪಾಸಣೆಯ ದಿನ ಗುಡಿಸುವುದು, ಒರೆಸುವುದು ಎರಡೂ ಬೇಡ. ಸಾಧ್ಯವಾದರೆ ಹಿಂದಿನ ದಿನವೂ ಬೇಡ. ಮನೆಯ ಹಿರಿಯರು ಇದಕ್ಕೆ ಒಪ್ಪುವುದು ಕಷ್ಟವೆಂದು ಗೊತ್ತಿದೆ. ಪಡಸಾಲೆ ಗುಡಿಸಿಕೊಳ್ಳಲಿ, ಅಡಿಗೆಮನೆ, ಕಾಳುಕಡಿ ಇಡುವ ಕೋಣೆ, ಅಟ್ಟ, ಬಚ್ಚಲ, ಹಿತ್ತಲ ಈ ಐದನ್ನು ಬಿಡಲಿ.

ನೋಟ್‌ಬುಕ್ಕಿನಲ್ಲಿ ಮನೆಯ ಒರಟು ನಕ್ಷೆ ಬರೆಯಿರಿ. ಚಂದ ಬೇಕಿಲ್ಲ. ಬಾಗಿಲು, ಕಿಟಕಿ, ಬೆಳಕಿಂಡಿ, ನೀರಿನ ಪೈಪು ಗೋಡೆ ತೂರುವ ಜಾಗ, ವೈರು ಒಳಬರುವ ಜಾಗ, ಆಹಾರ ಇರುವ ಜಾಗ, ನೀರು ತಟಕುವ ಜಾಗ ಇಷ್ಟನ್ನು ತೋರಿಸಿದರೆ ಸಾಕು. ಮುಂದೆ ಕಾಣುವ ಪ್ರತಿ ಗುರುತಿಗೂ ಈ ನಕ್ಷೆಯ ಮೇಲೆ ಒಂದು ಚುಕ್ಕೆ. ಮೂರನೇ ದಿನದ ಹೊತ್ತಿಗೆ ಚುಕ್ಕೆಗಳು ತಾವೇ ಒಂದು ಗೆರೆಯಾಗುತ್ತವೆ. ಇಲಿ ಓಡಾಡುವ ದಾರಿ ಅದೇ.

ಹಂತ 2: ಹಿಕ್ಕೆ ಓದುವುದು

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಹಿಕ್ಕೆ. ಇಲಿ ಒಂದು ರಾತ್ರಿಗೆ ಹತ್ತಾರು ಹಿಕ್ಕೆ ಹಾಕುತ್ತದೆ, ಹಾಗಾಗಿ ಇಲಿ ಇದ್ದೂ ಹಿಕ್ಕೆ ಇಲ್ಲದ ಮನೆ ಇಲ್ಲ, ನೀವು ಸರಿಯಾದ ಜಾಗ ನೋಡಿಲ್ಲ ಅಷ್ಟೆ. ನೋಡುವ ಜಾಗ ನಡುಮನೆಯ ನೆಲವಲ್ಲ. ಸಿಲಿಂಡರಿನ ಹಿಂದೆ, ಸಿಂಕಿನ ಕೆಳಗೆ, ಫ್ರಿಜ್ಜಿನ ಮೋಟಾರಿನ ಪಕ್ಕ, ರೊಟ್ಟಿ ಡಬ್ಬಿ ಇಡುವ ಮಾಡದ ಮೂಲೆ, ಶೇಂಗಾ ಚೀಲದ ಅಡಿ, ದೇವರ ಕೋಣೆಯಲ್ಲಿ ಎಣ್ಣೆ ಬತ್ತಿ ಇಡುವ ಗೂಡು. ಬತ್ತಿಯ ಎಣ್ಣೆಗೆ ಇಲಿ ಬರುತ್ತದೆಂಬುದು ಅನೇಕರಿಗೆ ಹೊಳೆಯುವುದೇ ಇಲ್ಲ.

ಸಿಕ್ಕಿದ ಹಿಕ್ಕೆಯ ಪಕ್ಕ ಸ್ಕೇಲು ಇಟ್ಟು ಫೋಟೋ ತೆಗೆಯಿರಿ. 3ರಿಂದ 6 ಮಿ.ಮೀ., ಜೀರಿಗೆ ಕಾಳಿನಷ್ಟು, ಅಲ್ಲಲ್ಲಿ ಚೆಲ್ಲಿದ ಹಾಗೆ ಇದ್ದರೆ ಚಿಟ್ಟಿಲಿ. ಸುಮಾರು 12 ಮಿ.ಮೀ., ತೆಳ್ಳಗೆ, ತುಸು ಬಾಗಿ, ಎರಡೂ ತುದಿ ಚೂಪಾಗಿದ್ದರೆ ಮನೆ ಇಲಿ. ಅದಕ್ಕಿಂತ ಸ್ಪಷ್ಟವಾಗಿ ದೊಡ್ಡದು, ದಪ್ಪದ್ದು, ನೆಲಮಟ್ಟದಲ್ಲೇ, ಹೆಚ್ಚಾಗಿ ಬಚ್ಚಲ ಅಥವಾ ಗಟಾರದ ಹತ್ತಿರ ಸಿಕ್ಕರೆ ಹೆಗ್ಗಣ. ಒಂದೇ ಜಾಗದಲ್ಲಿ ದೊಡ್ಡದೂ ಸಣ್ಣದೂ ಬೆರೆತಿದ್ದರೆ ಎಚ್ಚರವಿರಲಿ: ದೊಡ್ಡವುಗಳ ಜೊತೆ ಮರಿಗಳೂ ಓಡಾಡುತ್ತಿವೆ, ಗೂಡು ನಿಮ್ಮ ಮನೆಯೊಳಗೇ ಇದೆ ಎಂದರ್ಥ. ಬಸುರು ಮೂರೇ ವಾರ, ಒಂದು ಸಲಕ್ಕೆ ಆರೇಳು ಮರಿ. ನಿಧಾನ ಮಾಡುವ ಹೊತ್ತಲ್ಲ ಅದು.

ಮೋಸ ಮಾಡುವ ಹಿಕ್ಕೆಗಳು

ಹಲ್ಲಿಯ ಹಿಕ್ಕೆಗೆ ಒಂದು ತುದಿಯಲ್ಲಿ ಬಿಳಿ ಚುಕ್ಕೆ ಇರುತ್ತದೆ, ಗೋಡೆಯ ಮೇಲೂ ಅಂಟಿರುತ್ತದೆ. ಜಿರಲೆಯದು ಕುಟ್ಟಿದ ಮೆಣಸಿನ ಪುಡಿಯ ಹಾಗೆ, 3 ಮಿ.ಮೀ.ಗಿಂತ ಸಣ್ಣದು. ಬಾವಲಿಯದು ನೋಡಲು ಇಲಿಯದರಂತೆಯೇ, ಆದರೆ ಕಡ್ಡಿಯಿಂದ ಒತ್ತಿದರೆ ಪುಡಿಪುಡಿಯಾಗಿ ಒಳಗೆ ಹುಳದ ರೆಕ್ಕೆಯ ಹೊಳಪು ಕಾಣುತ್ತದೆ, ಅದು ಬೀಳುವುದೂ ತೂಗುವ ಜಾಗದ ನೇರ ಕೆಳಗೆ, ಗುಡ್ಡೆಯಾಗಿ. ಮೂಗಿಲಿಯದೂ ಹೀಗೆಯೇ ಹುಳದ ಚೂರಿನಿಂದ ಕೂಡಿ ಬೇಗ ಉದುರುತ್ತದೆ. ಇಲಿಯ ಒಣ ಹಿಕ್ಕೆ ಗಟ್ಟಿ, ಅಷ್ಟು ಸುಲಭಕ್ಕೆ ಒಡೆಯದು.

ಹಳೆಯದೋ ಹೊಸದೋ

ಹೊಸದು ಕಪ್ಪಗೆ, ಮಿರುಗುತ್ತ, ಕಡ್ಡಿ ಒತ್ತಿದರೆ ಮೆತ್ತಗೆ ಇರುತ್ತದೆ. ದಿನ ಕಳೆದಂತೆ ಹೊಳಪು ಹೋಗುತ್ತದೆ, ಗಟ್ಟಿಯಾಗುತ್ತದೆ, ತಿಂಗಳುಗಳ ಮೇಲೆ ಬೂದು ಬಣ್ಣಕ್ಕೆ ತಿರುಗುತ್ತದೆ. ಪುಸ್ತಕದಲ್ಲಿ ಇಷ್ಟೇ ಬರೆದಿರುತ್ತದೆ. ಆದರೆ ಗದಗಿನ ಏಪ್ರಿಲ್ ಬಿಸಿಲಿನಲ್ಲಿ ಇವತ್ತಿನ ಹಿಕ್ಕೆಯೂ ಸಂಜೆಯೊಳಗೆ ಗಟ್ಟಿಯಾಗುತ್ತದೆ, ಆಷಾಢದ ಜಿಟಿಜಿಟಿಯಲ್ಲಿ ಧಾರವಾಡದ ಹಳೆಯ ಹಿಕ್ಕೆಯೂ ಮೆತ್ತಗಾಗುತ್ತದೆ. ಆದ್ದರಿಂದ ಕಣ್ಣಂದಾಜಿಗಿಂತ ಖಡುವಿನ ಲೆಕ್ಕ ಮೇಲು. ಹಿಕ್ಕೆ ಸಿಕ್ಕ ಜಾಗದ ಸುತ್ತ ಖಡುವಿನಿಂದ ಒಂದು ವೃತ್ತ ಎಳೆಯಿರಿ. ಒಳಗಿನ ಹಿಕ್ಕೆ ಎಣಿಸಿ ಬರೆದುಕೊಳ್ಳಿ. ಆಮೇಲೆ ಅದನ್ನು ಪೂರ್ತಿ ತೆಗೆಯಿರಿ. ಮರುದಿನ ಬೆಳಿಗ್ಗೆ ಆ ವೃತ್ತದೊಳಗೆ ಏನಾದರೂ ಬಿದ್ದಿದ್ದರೆ ಅದು ನಿನ್ನೆ ರಾತ್ರಿಯದು. ಇದಕ್ಕಿಂತ ಸರಳವಾದ, ಇದಕ್ಕಿಂತ ನಂಬಬಹುದಾದ ಪರೀಕ್ಷೆ ನನಗೆ ಗೊತ್ತಿಲ್ಲ.

ತೆಗೆಯುವುದು ಹೇಗೆ: ಒಣಗಿದ್ದನ್ನು ಕಸಬರಿಗೆಯಿಂದ ಗುಡಿಸಬಾರದು, ವ್ಯಾಕ್ಯೂಮ್ ಹಚ್ಚಬಾರದು, ಧೂಳೆದ್ದು ಮೂಗಿಗೆ ಹೋಗುತ್ತದೆ. ಗ್ಲೌಸು, ಮಾಸ್ಕು ಹಾಕಿ, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ ಸಿಂಪಡಿಸಿ, 5 ನಿಮಿಷ ನೆನೆಯಲು ಬಿಟ್ಟು, ಪತ್ರಿಕೆಯಿಂದ ಒರೆಸಿ ಎತ್ತಿ, ಚೀಲದಲ್ಲಿ ಕಟ್ಟಿ ಹಾಕಿ. ಬ್ಲೀಚಿನ ಜೊತೆ ಸಂಡಾಸು ತೊಳೆಯುವ ಆಸಿಡ್ ಯಾವ ಕಾರಣಕ್ಕೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ.

ಹಂತ 3: ಗೋಡೆಗುಂಟ ಕಣ್ಣಾಡಿಸುವುದು

ಇಲಿಗೆ ಬಯಲೆಂದರೆ ಹೆದರಿಕೆ. ಮೀಸೆ, ಮೈ ಗೋಡೆಗೆ ತಾಗಿಸಿಕೊಂಡು ಅದೇ ದಾರಿಯಲ್ಲಿ ದಿನಾ ಓಡುತ್ತದೆ. ಮೈಯ ಜಿಡ್ಡು, ಕೊಳೆ ಗೋಡೆಗೆ ಹತ್ತಿ ಕಪ್ಪು ಪಟ್ಟಿ ಮೂಡುತ್ತದೆ. ಬ್ಯಾಟರಿಯನ್ನು ಗೋಡೆಗೆ ಎದುರಾಗಿ ಹಿಡಿಯಬೇಡಿ, ಪಕ್ಕದಿಂದ, ಗೋಡೆಗೆ ಸವರುವಂತೆ ಹಿಡಿಯಿರಿ. ಆಗ ಜಿಡ್ಡು ಮಿಂಚುತ್ತದೆ. ನೆಲದಿಂದ ಎರಡು ಮೂರು ಇಂಚು ಎತ್ತರದಲ್ಲಿ ಪಟ್ಟಿ ಇದ್ದರೆ ನೆಲದ ದಾರಿ. ಜಂತಿಯ ಕೆಳಗೆ ಅರ್ಧಚಂದ್ರದ ಹಾಗೆ ಕಪ್ಪು ಕಲೆ ಇದ್ದರೆ ಮನೆ ಇಲಿ ಜಂತಿಯಿಂದ ಜಂತಿಗೆ ದಾಟುವಾಗ ಮೈ ಇಳಿಬಿಟ್ಟ ಗುರುತು. ಹಳೆಯ ಹಂಚಿನ ಮನೆಗಳಲ್ಲಿ ಒಲೆಯ ಹೊಗೆಯ ಕಪ್ಪೂ ಇರುತ್ತದೆ, ಆದರೆ ಹೊಗೆ ಎಲ್ಲ ಕಡೆ ಹರಡುತ್ತದೆ, ಇಲಿಯ ಜಿಡ್ಡು ಒಂದೇ ಸಾಲಿನಲ್ಲಿ ಕೂರುತ್ತದೆ.

ಹಲ್ಲಿನ ಗುರುತು ಇನ್ನೊಂದು. ಇಲಿಯ ಮುಂಬಲ್ಲು ಬೆಳೆಯುವುದು ನಿಲ್ಲುವುದಿಲ್ಲ, ಸವೆಸಲೇಬೇಕು. ಹಾಗಾಗಿ ತಿನ್ನಲಾಗದ್ದನ್ನೂ ಕಡಿಯುತ್ತದೆ: ಬಾಗಿಲಿನ ಕೆಳತುದಿ, ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ, ಸಾಬೂನು, ವೈರು, ನೀರಿನ ಪೈಪು. ಜೋಡಿ ಗೀರು ಕೂದಲೆಳೆಯಂತೆ ಸಣ್ಣಗಿದ್ದರೆ ಚಿಟ್ಟಿಲಿ, ಎರಡೂ ಸೇರಿ 3-4 ಮಿ.ಮೀ. ಅಗಲ ಇದ್ದರೆ ಇಲಿ. ಕಡಿದ ಮರದ ಒಳಬಣ್ಣ ಬಿಳುಚಿ ಇದ್ದು ಕೆಳಗೆ ಹೊಟ್ಟು ಉದುರಿದ್ದರೆ ಇತ್ತೀಚಿನದು. ಬಣ್ಣ ಸುತ್ತಲಿನ ಮರದಷ್ಟೇ ಕಪ್ಪಾಗಿದ್ದರೆ ಹಿಂದಿನ ಸಂಸಾರದ್ದು.

ಚೀಲ ನೋಡುವಾಗ ಮೇಲ್ಭಾಗವನ್ನಲ್ಲ, ಗೋಡೆಯ ಕಡೆಗಿರುವ ಕೆಳಮೂಲೆಯನ್ನು ನೋಡಿ. ಜೋಳದ ಚೀಲದ ಪಕ್ಕ ಕಾಳಿನ ನುಚ್ಚು, ಸಿಪ್ಪೆ ಬಿದ್ದಿದ್ದರೆ ಚಿಟ್ಟಿಲಿ ಕೂತು ಕುಟುಕಿದೆ. ಶೇಂಗಾ ಹೊಟ್ಟು ಚೀಲದಿಂದ ದೂರ, ಕಪಾಟಿನ ಹಿಂದೆ ಗುಡ್ಡೆಯಾಗಿದ್ದರೆ ಇಲಿ ಹೊತ್ತೊಯ್ದು ಮರೆಯಲ್ಲಿ ತಿಂದಿದೆ. ಬೇಸಿಗೆಯಲ್ಲಿ ಮಾಡಿಟ್ಟ ಹಪ್ಪಳ ಸಂಡಿಗೆಯ ಡಬ್ಬಿ, ಕಟಕ್ ರೊಟ್ಟಿಯ ಬುಟ್ಟಿ, ಚುರುಮುರಿ ಚೀಲ ಈ ಮೂರನ್ನು ಮರೆಯದೆ ನೋಡಿ. ದೀಪಾವಳಿಗೆ ಕೆಳಗಿಳಿಸುವ ಅಟ್ಟದ ಗಂಟುಗಳಲ್ಲಿ ಹರಿದ ಬಟ್ಟೆ, ಕಾಗದ, ಹತ್ತಿ ಉಂಡೆಯಾಗಿದ್ದರೆ ಅದು ಗೂಡು. ಬೆಟಗೇರಿಯ ಮಗ್ಗದ ಮನೆಯವರಾದರೆ ಗಂಜಿ ಹಚ್ಚಿದ ನೂಲಿನ ಲಡಿ ಮೊದಲು ತಪಾಸಣೆ ಮಾಡಿ.

ಹಂತ 4: ಕಿವಿ, ಮೂಗು

ರಾತ್ರಿ ಊಟವಾಗಿ ದೀಪ ಆರಿಸಿದ ಅರ್ಧ ಗಂಟೆಯ ಮೇಲೆ, ಬೆಳಗಿನ ಜಾವ ಒಮ್ಮೆ, ಟಿವಿ ಫ್ಯಾನು ನಿಲ್ಲಿಸಿ ಹತ್ತು ನಿಮಿಷ ಕೂತು ಕೇಳಿ. ಕರಕರ ಎಂದರೆ ಕಡಿತ, ಪರಪರ ಎಂದರೆ ಕೆರೆತ, ಗೋಡೆಯೊಳಗಿಂದ ಕೀಚು ಕೀಚು ಎಂದರೆ ಮರಿ.

ಮೇಲಿನಿಂದ ಬರುವ ಸದ್ದಿಗೆಲ್ಲ ಇಲಿಯನ್ನು ಹೊಣೆ ಮಾಡಬೇಡಿ. ನಮ್ಮ ಹಂಚಿನ ಮನೆಯ ಅಟ್ಟದಲ್ಲಿ ಒಂದು ಮಳೆಗಾಲವಿಡೀ ಧಡಧಡ ಸದ್ದು. ಹೆಗ್ಗಣವೇ ಎಂದು ಎರಡು ಬೋನು ತಂದೆವು. ಕೊನೆಗೆ ಹಂಚಿನ ಮೇಲೆ ಸಿಕ್ಕಿದ್ದು ಹಣ್ಣಿನ ಬೀಜ ತುಂಬಿದ ಹಿಕ್ಕೆ, ಅಟ್ಟದಲ್ಲಿದ್ದದ್ದು ಪುನುಗಿನ ಬೆಕ್ಕು. ಧಾರವಾಡದ ಮರಗಿಡದ ಓಣಿಗಳಲ್ಲಿ ಇದು ಅಪರೂಪವಲ್ಲ. ಹಗಲು ಹೊತ್ತಿನ ಓಡಾಟ ಅಳಿಲಿನದಿರಬಹುದು. ಮುಸ್ಸಂಜೆ ಒಮ್ಮೆ ಪಟಪಟ ಎಂದು ಆಮೇಲೆ ಸುಮ್ಮನಾದರೆ ಬಾವಲಿ. ಪುನುಗಿನ ಬೆಕ್ಕು ಕಾಯ್ದೆಯ ರಕ್ಷಣೆ ಇರುವ ಕಾಡುಪ್ರಾಣಿ, ಅದಕ್ಕೆ ವಿಷ ಇಟ್ಟರೆ ಅರಣ್ಯ ಇಲಾಖೆಗೆ ಉತ್ತರ ಕೊಡಬೇಕಾದೀತು.

ಮೂಗಿನ ಕೆಲಸಕ್ಕೆ ಬೆಳಿಗ್ಗೆ ಸರಿಯಾದ ಹೊತ್ತು. ರಾತ್ರಿಯಿಡೀ ಮುಚ್ಚಿದ ಕಪಾಟು, ಕೋಣೆ ತೆರೆದ ಕೂಡಲೇ ಮೂಗು ಕಟ್ಟುವ ಉಚ್ಚೆಯ ಘಾಟು ಬಂದರೆ ಬರೆದುಕೊಳ್ಳಿ. ಐದು ನಿಮಿಷ ಅಲ್ಲೇ ನಿಂತರೆ ಮೂಗು ಒಗ್ಗಿಬಿಡುತ್ತದೆ, ಹಾಗಾಗಿ ಮನೆಯವರಿಗೆ ಗೊತ್ತಾಗದ ವಾಸನೆ ಬಂದ ಬೀಗರಿಗೆ ಗೊತ್ತಾಗುತ್ತದೆ. ಅವರನ್ನೇ ಕೇಳುವುದು ತುಸು ಮುಜುಗರ, ಆದರೆ ಕೆಲಸ ಆಗುತ್ತದೆ.

ಹಂತ 5: ಹೊರಗೆ ಸುತ್ತು ಹಾಕುವುದು

ಒಳಗೆ ನೋಡಿ ಮುಗಿಸಿದವರು ಹೊರಗೆ ಹೋಗುವುದಿಲ್ಲ. ಅರ್ಧ ಜನ ಸೋಲುವುದು ಇಲ್ಲೇ. ಮನೆಯನ್ನು ಪೂರ್ತಿ ಒಂದು ಸುತ್ತು ಹಾಕಿ, ಮೊದಲು ನೆಲ ನೋಡುತ್ತ, ಎರಡನೇ ಸುತ್ತು ಮೇಲೆ ನೋಡುತ್ತ.

ನೆಲದಲ್ಲಿ ಹುಡುಕುವುದು ಬಿಲ. ಮುಷ್ಟಿ ತೂರುವಷ್ಟು ಬಾಯಿ, ಪಕ್ಕದಲ್ಲಿ ಸಡಿಲ ಮಣ್ಣಿನ ಗುಡ್ಡೆ ಇದ್ದರೆ ಹೆಗ್ಗಣ. ಹಿತ್ತಲ ಬಚ್ಚಲ ನೀರು ಹರಿಯುವ ಕಡೆ, ತಿಪ್ಪೆ, ಕಟ್ಟಿಗೆ ಒಟ್ಟಿದ ಜಾಗ, ದನದ ಕೊಟ್ಟಿಗೆಯ ಗ್ವಾದಲಿ (ಮೇವು ಹಾಕುವ ಜಾಗ), ಅಂಗಳದ ಫರಸಿಯ ಅಂಚು ನೋಡಿ. ಫರಸಿ ಕಲ್ಲಿನ ಮೇಲೆ ಕಾಲು ಹಾಕಿದಾಗ ಟೊಳ್ಳು ಸದ್ದು ಬಂದರೆ, ಒಂದು ಮೂಲೆ ಕುಸಿದಿದ್ದರೆ, ಕೆಳಗಿನ ಮಣ್ಣು ಆಗಲೇ ಹೊರಬಿದ್ದಿದೆ. ಬಿಲದ ಬಾಯಿಗೆ ಜೇಡರ ಬಲೆ ಕಟ್ಟಿದ್ದರೆ, ಒಣ ಎಲೆ ತುಂಬಿದ್ದರೆ ಬಳಕೆ ಇಲ್ಲ. ಬಾಯಿಯ ಅಂಚು ನುಣುಪಾಗಿ ಸವೆದಿದ್ದರೆ ಸಂಚಾರವಿದೆ.

ಅನುಮಾನ ಇದ್ದ ಬಿಲಕ್ಕೆಲ್ಲ ಸಂಜೆ ಪತ್ರಿಕೆಯ ಉಂಡೆ ಸಡಿಲವಾಗಿ ತುರುಕಿ ಮೇಲೆ ಒಂದು ಹಿಡಿ ಮಣ್ಣು ಹಾಕಿ. ಎರಡು ಬೆಳಿಗ್ಗೆಯೊಳಗೆ ಉಂಡೆ ಹೊರಗೆ ಬಿದ್ದಿದ್ದರೆ ಒಳಗೆ ಯಾರೋ ಇದ್ದಾರೆ. ಹೊಲದಲ್ಲಿ ಇಲಿ ಲೆಕ್ಕ ಹಾಕುವವರೂ ಇದನ್ನೇ ಮಾಡುವುದು. ಕೈಯನ್ನು ಮಾತ್ರ ಬಿಲದೊಳಗೆ ಹಾಕಬೇಡಿ, ಕೋಲಿನಿಂದ ತುರುಕಿ. ಇಲಿಯ ಬಿಲದಲ್ಲಿ ಕೇರೆ ಹಾವೂ ಇರುತ್ತದೆ, ನಾಗರವೂ ಇರುತ್ತದೆ.

ಮೇಲಿನ ಸುತ್ತಿನಲ್ಲಿ ಮಾಳಿಗೆಗೆ ತಾಗುವ ಪೇರಲ, ನುಗ್ಗಿ, ಮಾವಿನ ಕೊಂಬೆ, ಕೇಬಲ್ ವೈರು, ಒಡೆದ ಹಂಚು, ಜಾಳಿಗೆ ಇಲ್ಲದ ಬೆಳಕಿಂಡಿ, ಸಂಡಾಸಿನ ಗಾಳಿ ಪೈಪು ನೋಡಿ. ಅಳತೆಗೆ ಪೆನ್ಸಿಲ್ ಒಂದು, ನಿಮ್ಮ ಹೆಬ್ಬೆರಳು ಒಂದು. ಪೆನ್ಸಿಲ್ ತೂರಿದರೆ ಚಿಟ್ಟಿಲಿ ತೂರುತ್ತದೆ, ಹೆಬ್ಬೆರಳು ತೂರಿದರೆ ಇಲಿ ತೂರುತ್ತದೆ. ತೂರುವ ಪ್ರತಿ ಸಂದಿಗೂ ನಕ್ಷೆಯಲ್ಲಿ ಅಡ್ಡಗೆರೆ ಹಾಕಿ. ಈಗಲೇ ಮುಚ್ಚಬೇಡಿ. ಒಳಗಿರುವುದು ಒಳಗೇ ಸಿಕ್ಕಿಹಾಕಿಕೊಂಡರೆ ಬಾಗಿಲು, ವೈರು ಕಡಿಯಲು ಶುರುಮಾಡುತ್ತದೆ.

ಕಾರು ಹೊರಗೆ ನಿಲ್ಲಿಸುವವರು ಬಾನೆಟ್ ಎತ್ತಿ ನೋಡಿ. ಬ್ಯಾಟರಿಯ ಪಕ್ಕ ಹಿಕ್ಕೆ, ರೊಟ್ಟಿ ತುಂಡು, ಕಡಿದ ಸ್ಪಂಜು ಸಿಕ್ಕರೆ ಗ್ಯಾರೇಜಿನವರು ವೈರಿಂಗ್ ಬಿಲ್ಲು ತೋರಿಸುವ ಮೊದಲೇ ನಿಮಗೆ ವಿಷಯ ತಿಳಿದಿರುತ್ತದೆ.

ಹಂತ 6: ರಂಗೋಲಿ ಪರೀಕ್ಷೆ, ಮೂರು ರಾತ್ರಿ

ನಕ್ಷೆಯಲ್ಲಿ ಚುಕ್ಕೆ ಹೆಚ್ಚಿದ ಕಡೆ, ಗೋಡೆಗೆ ತಾಗಿ, ಒಂದು ಅಡಿ ಉದ್ದ ಅರ್ಧ ಅಡಿ ಅಗಲಕ್ಕೆ ರಂಗೋಲಿ ಪುಡಿಯನ್ನು ಜರಡಿಯಿಂದ ಉದುರಿಸಿ. ತೆಳ್ಳಗೆ, ನೆಲ ಮಸುಕಾಗಿ ಕಾಣುವಷ್ಟೇ. ದಪ್ಪವಾಗಿ ಸುರಿದರೆ ಹೆಜ್ಜೆಯ ಆಕಾರ ಮೂಡುವುದಿಲ್ಲ, ಇಲಿಯೂ ಅನುಮಾನಪಟ್ಟು ಬಳಸಿಕೊಂಡು ಹೋಗುತ್ತದೆ. ಹಿಟ್ಟು ಹಾಕಬೇಡಿ, ಅದು ಊಟವಾಗುತ್ತದೆ, ಮೇಲೆ ಇರುವೆಯೂ ಬರುತ್ತದೆ. ಆರರಿಂದ ಎಂಟು ಕಡೆ ಸಾಕು. ಪ್ರತಿ ಪಟ್ಟಿಗೂ ನಂಬರು ಕೊಡಿ.

ಬೆಳಿಗ್ಗೆ ಯಾರೂ ಓಡಾಡುವ ಮೊದಲು ಬ್ಯಾಟರಿ ಓರೆಯಾಗಿ ಹಿಡಿದು ನೋಡಿ. ಇಲಿಯ ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಐದು, ನಡುವೆ ಬಾಲ ಎಳೆದ ಗೆರೆ. ಹಿಂಗಾಲಿನ ಗುರುತು 2 ಸೆಂ.ಮೀ. ಒಳಗಿದ್ದರೆ ಚಿಟ್ಟಿಲಿ, ದಾಟಿದರೆ ಇಲಿ. ಜಿರಲೆ ಓಡಿದ್ದರೆ ಚುಕ್ಕಿ ಸಾಲು, ಹಲ್ಲಿ ಓಡಿದ್ದರೆ ನಾಲ್ಕೂ ಕಾಲಿಗೆ ಬೆರಳು ಹರಡಿದ ನಕ್ಷತ್ರ. ಫೋಟೋ ತೆಗೆದು, ಪುಡಿಯನ್ನು ಮತ್ತೆ ಸಮ ಮಾಡಿ, ಅದೇ ಜಾಗದಲ್ಲಿ ಎರಡನೇ ರಾತ್ರಿಗೆ ಬಿಡಿ.

ಇಲ್ಲಿ ಆಗುವ ದೊಡ್ಡ ತಪ್ಪು ಮೊದಲ ಬೆಳಿಗ್ಗೆಯೇ "ಏನೂ ಇಲ್ರೀ" ಎಂದು ಕೈ ತೊಳೆದುಕೊಳ್ಳುವುದು. ದೊಡ್ಡ ಇಲಿಗೆ ಹೊಸದೆಂದರೆ ಅಂಜಿಕೆ. ನಿನ್ನೆ ಇಲ್ಲದ ಪುಡಿ, ನಿನ್ನೆ ಇಲ್ಲದ ಬೋನು ಎರಡನ್ನೂ ದೂರದಿಂದ ನೋಡಿ ಸುತ್ತು ಹಾಕುತ್ತದೆ. ಬೋನು ಇಟ್ಟ ಮೊದಲ ದಿನ ಇಲಿ ಬೀಳಲಿಲ್ಲವೆಂದು ಜಾಗ ಬದಲಿಸುತ್ತ ಹೋಗುವವರಿಗೆ ಅದು ಬೀಳದಿರುವ ಕಾರಣವೂ ಇದೇ. ಚಿಟ್ಟಿಲಿ ಹಾಗಲ್ಲ, ಹೊಸದನ್ನು ಮೂಸಿ ನೋಡಲು ಮೊದಲ ರಾತ್ರಿಯೇ ಬರುತ್ತದೆ. ಅದಕ್ಕೇ ಮೂರು ರಾತ್ರಿ ಎಂದದ್ದು.

ಹಂತ 7: ಅಂಗಡಿ, ಖಾನಾವಳಿ, ಗೋದಾಮು

ಮನೆಯ ಹಂತಗಳೆಲ್ಲ ಇಲ್ಲಿಗೂ ಹೊಂದುತ್ತವೆ, ಆದರೆ ಎರಡು ವಿಷಯ ಬೇರೆ. ಮೊದಲನೆಯದು, ಇಲಿ ಬರುವುದು ಗೋಡೆಯಿಂದಷ್ಟೇ ಅಲ್ಲ, ಮಾಲಿನ ಜೊತೆಯೂ ಬರುತ್ತದೆ. ಅಮರಗೋಳದ ಎಪಿಎಂಸಿಯಿಂದ ಬಂದ ಚೀಲವನ್ನು ನೇರ ಒಳಗೆ ಒಟ್ಟುವ ಮೊದಲು ಬಾಗಿಲಲ್ಲೇ ತಿರುಗಿಸಿ ನಾಲ್ಕೂ ಮೂಲೆ ನೋಡಿ. ಹೊಲಿಗೆ ಬಿಚ್ಚಿದ, ಉಚ್ಚೆ ಕಲೆಯ, ಹಿಕ್ಕೆ ಅಂಟಿದ ಚೀಲ ಬೇರೆ ಇಡಿ.

ಎರಡನೆಯದು, ಗೋಡೆಗೆ ಒತ್ತಿ ಒಟ್ಟಿದ ಚೀಲ. ತಪಾಸಣೆ ಮಾಡಲು ಜಾಗವೇ ಇಲ್ಲದ ಗೋದಾಮಿನಲ್ಲಿ ತಪಾಸಣೆ ಹೇಗಾದೀತು? ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದೂವರೆ ಎರಡು ಅಡಿ ಬಿಟ್ಟು ಒಟ್ಟಿಸಿ. ಗೋಡೆ ಬುಡದ ನೆಲಕ್ಕೆ ಅರ್ಧ ಅಡಿ ಅಗಲ ಬಿಳಿ ಬಣ್ಣದ ಪಟ್ಟಿ ಬಳಿಸಿದರೆ ಹಿಕ್ಕೆ, ಹೆಜ್ಜೆ ದೂರದಿಂದಲೇ ಕಾಣುತ್ತವೆ. ಇದೊಂದು ಖರ್ಚು ವರ್ಷಾನುಗಟ್ಟಲೆ ಕೆಲಸಕ್ಕೆ ಬರುತ್ತದೆ.

ಬ್ಯಾಡಗಿ ಕಡೆ "ಮೆಣಸಿನಕಾಯಿ ಗೋದಾಮಿಗೆ ಇಲಿ ಸುಳಿಯಂಗಿಲ್ಲ, ಘಾಟಿಗೆ ಓಡತಾವ" ಎನ್ನುವವರು ಸಿಗುತ್ತಾರೆ. ತಿನ್ನಲು ಬೇಡವಾದರೂ ಗೂಡಿಗೆ ಗೋಣಿಯ ನಾರು ಬೇಕಲ್ಲ. ತಿಂಗಳುಗಟ್ಟಲೆ ಅಲುಗದ ಚೀಲದ ಒಟ್ಟು ಯಾವ ಮಾಲಿನದ್ದಾದರೂ ಇಲಿಗೆ ಮನೆಯೇ.

ಖಾನಾವಳಿಯಲ್ಲಿ ಊಟದ ಹಾಲ್ ನೋಡಿ ಫಲವಿಲ್ಲ. ರುಬ್ಬುವ ಯಂತ್ರದ ಅಡಿ, ಡೀಪ್ ಫ್ರಿಜ್ಜಿನ ಹಿಂದಿನ ಬಿಸಿ ಜಾಗ, ತಟ್ಟೆ ತೊಳೆಯುವಲ್ಲಿನ ಗಟಾರದ ಜಾಳಿಗೆ, ಸಿಬ್ಬಂದಿಯ ಚೀಲ ಇಡುವ ಕಪಾಟು ನೋಡಬೇಕು. ಇರುಳು ಪಾಳಿಯವರನ್ನು, ಬೆಳಿಗ್ಗೆ ಮೊದಲು ಶಟರ್ ಎತ್ತುವ ಹುಡುಗನನ್ನು ಕೇಳಿ. ಮಾಲೀಕರಿಗೆ ಕಾಣದ್ದು ಅವರಿಗೆ ಕಂಡಿರುತ್ತದೆ, ಬೈಗಳಕ್ಕೆ ಹೆದರಿ ಹೇಳಿರುವುದಿಲ್ಲ. ನೋಟ್‌ಬುಕ್ಕಿನ ದಿನಾಂಕ, ಫೋಟೋ ಎಲ್ಲ ಜೋಪಾನ ಮಾಡಿ. ಆಹಾರ ಸುರಕ್ಷತಾ ಪರವಾನಗಿಯ 2011ರ ನಿಯಮಾವಳಿಯ 4ನೇ ಅನುಸೂಚಿಯಲ್ಲಿ ಇಲಿ, ಕೀಟ ನಿಯಂತ್ರಣ ಆಹಾರ ವ್ಯಾಪಾರಿಯ ಹೊಣೆ ಎಂದಿದೆ. ಇನ್‌ಸ್ಪೆಕ್ಟರು ಬಂದಾಗ ತೋರಿಸಲು ಏನಾದರೂ ಬೇಕು.

ಎಷ್ಟಿವೆ ಎಂಬ ಅಂದಾಜು ಬೇಕಾದ ವ್ಯಾಪಾರಿಗಳಿಗೆ ಇನ್ನೊಂದು ಉಪಾಯ: ಅಂಗಡಿ ಮುಚ್ಚುವಾಗ ಉಳಿದ ಆಹಾರವೆಲ್ಲ ಮುಚ್ಚಿಟ್ಟು, ಮೂರ್ನಾಲ್ಕು ತಟ್ಟೆಯಲ್ಲಿ 100 ಗ್ರಾಂ ಜೋಳ ತೂಗಿ ಇಡಿ, ವಿಷ ಬೇಡ. ಬೆಳಿಗ್ಗೆ ಮತ್ತೆ ತೂಗಿ. ಮನೆ ಇಲಿ ರಾತ್ರಿಗೆ ಸುಮಾರು 15 ಗ್ರಾಂ ತಿನ್ನುತ್ತದೆ, ಚಿಟ್ಟಿಲಿ 3 ಗ್ರಾಂ. ಮೂರನೇ ನಾಲ್ಕನೇ ರಾತ್ರಿಯ ಲೆಕ್ಕ ಮೊದಲನೆಯದಕ್ಕಿಂತ ನಂಬಿಕೆಗೆ ಅರ್ಹ.

ಹಂತ 8: ಸಿಕ್ಕದ್ದನ್ನು ಅರ್ಥ ಮಾಡಿಕೊಳ್ಳುವುದು

ಖಡುವಿನ ವೃತ್ತ ಖಾಲಿ, ರಂಗೋಲಿ ಸ್ವಚ್ಛ, ಬಿಲದ ಉಂಡೆ ಇದ್ದಲ್ಲೇ ಇದ್ದರೆ ನೀವು ನೋಡಿದ್ದೆಲ್ಲ ಹಳೆಯದು. ಸಂದಿ ಮುಚ್ಚಿಸಿ, ಅಷ್ಟೇ.

ಜೀರಿಗೆಯಂಥ ಹಿಕ್ಕೆ, ಒಂದೇ ಕೋಣೆಯಲ್ಲಿ ಗುರುತು ಎಂದಾದರೆ ಗೂಡು ಅಲ್ಲೇ ಕೆಲವು ಮೀಟರ್ ಒಳಗಿದೆ, ಚಿಟ್ಟಿಲಿ ದೂರ ಹೋಗುವುದಿಲ್ಲ. ಆ ಕೋಣೆಯ ಸಾಮಾನು ಒಂದೊಂದಾಗಿ ಹೊರಗೆ ತನ್ನಿ. ಗುರುತು ಜಂತಿ, ಅಟ್ಟ, ಪೈಪಿನ ಗುಂಟ ಸಾಲಾಗಿದ್ದರೆ ಮನೆ ಇಲಿ. ಮೇಲಿನ ದಾರಿ ಕಡಿಯದೆ ನೆಲದಲ್ಲಿ ಬೋನಿಟ್ಟು ಪ್ರಯೋಜನವಿಲ್ಲ. ಒಳಗೆ ಗುರುತು ಕಡಿಮೆ, ಹೊರಗೆ ಬಿಲ ಹೆಚ್ಚು ಎಂದಾದರೆ ಹೆಗ್ಗಣ. ಅದು ನಿಮ್ಮೊಬ್ಬರದ್ದಲ್ಲ, ಓಣಿಯ ಗಟಾರದ ಸಮಸ್ಯೆ. ಪಕ್ಕದ ಮನೆಯವರನ್ನು ಸೇರಿಸಿಕೊಂಡು ಪಾಲಿಕೆಗೋ ನಗರಸಭೆಗೋ ಅರ್ಜಿ ಕೊಡಿ.

ಹಗಲು ಹೊತ್ತಿನಲ್ಲಿ ಮನುಷ್ಯರಿಗೆ ಅಂಜದೆ ಓಡಾಡುವ ಇಲಿ ಕಂಡರೆ ಸಂಖ್ಯೆ ಹೆಚ್ಚಿ ರಾತ್ರಿಯ ಊಟ ಸಾಲುತ್ತಿಲ್ಲ ಎಂದಿರಬಹುದು, ಇಲ್ಲವೇ ಬಿಲಕ್ಕೆ ಮಳೆನೀರು ನುಗ್ಗಿರಬಹುದು. ಎರಡಕ್ಕೂ ವ್ಯತ್ಯಾಸ ಗೊತ್ತಾಗುವುದು ರಂಗೋಲಿಯಲ್ಲಿ.

ತಪಾಸಣೆ ನಿಲ್ಲಿಸಿ ಬೇರೆಯವರನ್ನು ಕರೆಯಬೇಕಾದ ಲಕ್ಷಣ

ಗ್ಯಾಸ್ ಪೈಪಿನ ಮೇಲೆ ಹಲ್ಲಿನ ಗುರುತು ಇದ್ದರೆ ಆ ಕ್ಷಣವೇ ರೆಗ್ಯುಲೇಟರ್ ಬಂದ್ ಮಾಡಿ. ವಾಸನೆಯೂ ಇದ್ದರೆ ಸ್ವಿಚ್ ಮುಟ್ಟದೆ, ಕಡ್ಡಿ ಗೀರದೆ, ಬಾಗಿಲು ಕಿಟಕಿ ತೆರೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಹೊಸ ಪೈಪು ತರುವಾಗ ಒಳಗೆ ತಂತಿ ಬಲೆ ಇರುವ ಸುರಕ್ಷಾ ಪೈಪನ್ನೇ ಕೇಳಿ. ವೈರಿನ ತಾಮ್ರ ಕಾಣುತ್ತಿದ್ದರೆ, ಕಾರಣವಿಲ್ಲದೆ ಟ್ರಿಪ್ ಆಗುತ್ತಿದ್ದರೆ ಮೇನ್ ಆರಿಸಿ ವೈರ್‌ಮನ್‌ಗೆ ಹೇಳಿ.

ವಿಷ ಇಟ್ಟಿಲ್ಲ, ಆದರೂ ಒಂದೆರಡು ದಿನದಲ್ಲಿ ಹಲವು ಇಲಿ ಸತ್ತು ಬಿದ್ದಿವೆ ಎಂದರೆ ಮುಟ್ಟಬೇಡಿ. ಪ್ಲೇಗಿನ ಮೊದಲ ಲಕ್ಷಣ ಅದೇ ಆಗಿರಬಹುದು, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಿಳಿಸಿ. ಬಹುಪಾಲು ಸಲ ಪಕ್ಕದ ಮನೆಯವರು ಇಟ್ಟ ವಿಷವೇ ಕಾರಣವಾಗಿರುತ್ತದೆ, ಅದನ್ನು ಆಸ್ಪತ್ರೆಯವರು ತೀರ್ಮಾನಿಸಲಿ.

ಹಿಕ್ಕೆ, ಗಟಾರದ ನೀರು ಮುಟ್ಟಿದ ಮೇಲೆ ಎರಡು ಮೂರು ವಾರದೊಳಗೆ ಜ್ವರ, ವಿಪರೀತ ತಲೆನೋವು, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಶುರುವಾದರೆ ಇಲಿ ಜ್ವರ ಇರಬಹುದು. ಡಾಕ್ಟರಿಗೆ "ಜ್ವರ ಬಂದದ" ಎಂದಷ್ಟೇ ಹೇಳಬೇಡಿ, ಇಲಿ ಇರುವ ಜಾಗ ಸ್ವಚ್ಛ ಮಾಡಿದ್ದನ್ನೂ ಹೇಳಿ. ಅವರು ಯಾವ ರಕ್ತಪರೀಕ್ಷೆ ಬರೆಯುತ್ತಾರೆ ಎಂಬುದು ಆ ಮಾತಿನ ಮೇಲೆ ನಿಂತಿರುತ್ತದೆ.

ವಿಷ ತರುವ ಮುನ್ನ

ಚೌತಿಯ ಮರುದಿನ ಇಲಿಗೆ ಎಡೆ ಇಡುವ ಮನೆಗಳೂ ನಮ್ಮಲ್ಲಿವೆ, ಕೊಲ್ಲುವುದೋ ಹಿಡಿದು ಬಿಡುವುದೋ ಅವರವರಿಗೆ ಬಿಟ್ಟದ್ದು. ಆದರೆ ಹಳದಿ ರಂಜಕದ ಪೇಸ್ಟನ್ನು ಮನೆಯೊಳಗೆ ತರಲೇಬೇಡಿ. ಮಕ್ಕಳ ಬಾಯಿಗೆ ಹೋದರೆ ಅದಕ್ಕೆ ನಿರ್ದಿಷ್ಟ ಪ್ರತಿವಿಷ ಇಲ್ಲ. ಕಪ್ಪು ಪುಡಿಯ ಜಿಂಕ್ ಫಾಸ್ಫೈಡ್‌ಗೂ ಇಲ್ಲ. ಕೇಕಿನಂತೆ ಬರುವ, ಒಳಗೇ ರಕ್ತ ಸೋರಿಸಿ ಕೊಲ್ಲುವ ವಿಷ ತಿಂದ ಇಲಿ ಸಾಯಲು ಮೂರರಿಂದ ಏಳು ದಿನ ಬೇಕು. ಅಷ್ಟರಲ್ಲಿ ಅದು ಗೋಡೆಯೊಳಗೆ ಸೇರಿದ್ದರೆ ನಾತ ಎರಡು ವಾರ ನಿಮ್ಮ ಪಾಲಿಗೆ. ಗೂಡು ಎಲ್ಲಿದೆ ಎಂದು ನಕ್ಷೆಯಿಂದ ಗೊತ್ತಿದ್ದವರಿಗೆ ಹೆಚ್ಚಿನ ಸಲ ಮೂರು ಬೋನಿನಲ್ಲೇ ಕೆಲಸ ಮುಗಿಯುತ್ತದೆ.

ಕ್ರಮ ಕೈಗೊಂಡ ಹದಿನೈದನೇ ದಿನ ಅದೇ ಖಡು, ಅದೇ ರಂಗೋಲಿ, ಅದೇ ಜಾಗಗಳಲ್ಲಿ ಎರಡು ರಾತ್ರಿ ಮತ್ತೆ ನೋಡಿ. ಆಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ಕಡೆ ಗುರುತು ಹಾಕಿಡಿ: ಮೇ ಕೊನೆ, ಬಿಲಕ್ಕೆ ನೀರು ನುಗ್ಗುವ ಮೊದಲು, ನವೆಂಬರ್, ಗೋವಿನಜೋಳ ಹೊಲದಿಂದ ಬಂದ ಮೇಲೆ, ಮಾರ್ಚ್, ಹಿಂಗಾರಿ ಜೋಳದ ರಾಶಿ ಮುಗಿದು ಹೊಲದ ಇಲಿ ಊರ ಕಡೆ ತಿರುಗುವ ಹೊತ್ತಿಗೆ.